20 ಕಿಲೋ ಪಕ್ಕೆ ಮೀನು 7 ಕಿಲೋಗೆ ನಿಂತರೆ ಒಣಗಿದಂತಲ್ಲ

ಪ್ರಶ್ನೆ: ನಾನು ಕೆಂಗೇರಿ ಉಪನಗರದ ನಿವಾಸಿ. ನನ್ನ ಭಾವ ಕೋಲಾರದ ಕಡೆಯ ಒಂದು ಕೆರೆಯ ಮೀನುಗಾರಿಕೆ ಗುತ್ತಿಗೆಯಲ್ಲಿ ಪಾಲುದಾರರು. ಕಾಟ್ಲಾ, ರೋಹು ಹಿಡಿಯುವಾಗ ಬಲೆಗೆ ಪಕ್ಕೆ, ಸೊಸಲು ಎಂಬ ಬೆರಳುದ್ದದ ಮೀನುಗಳು ರಾಶಿ ರಾಶಿ ಬೀಳುತ್ತವೆ. ಅವನ್ನು ಕೇಳುವವರಿಲ್ಲ. ಒಣಗಿಸಿ, ಪೊಟ್ಟಣ ಕಟ್ಟಿ ಬೆಂಗಳೂರಿನಲ್ಲಿ ಮಾರುವ ಯೋಚನೆ ನನ್ನದು. ಪರೀಕ್ಷೆಗೆಂದು ಜೂನ್‌ನಲ್ಲಿ 20 ಕಿಲೋ ಮೀನನ್ನು ಉಪ್ಪು ಹಾಕದೆ, ತಾರಸಿಯ ಮೇಲೆ ಟಾರ್ಪಾಲು ಹಾಸಿ ಎರಡು ದಿನ ಒಣಗಿಸಿದೆ. 7 ಕಿಲೋ ಸಿಕ್ಕಿತು, ಬಾಲ ಮುರಿದರೆ ಗರಿಗರಿ ಎನ್ನುತ್ತಿತ್ತು. ನಾಲ್ಕನೇ ದಿನ ಡಬ್ಬಿಯಲ್ಲಿ ಬಿಳಿ ಹುಳು ಕಂಡವು, ಹತ್ತು ದಿನದಲ್ಲಿ ಬೂಷ್ಟು, ವಾಸನೆ. ಉಪ್ಪು ಹಾಕದ್ದೇ ತಪ್ಪು ಎನ್ನುತ್ತಾರೆ ಅಮ್ಮ. ಔಷಧಿ ಸಿಂಪಡಿಸಿದರೆ ನೊಣ ಕೂರುವುದಿಲ್ಲ ಎಂದು ವ್ಯಾಪಾರಿಯೊಬ್ಬರು ಹೇಳಿದರು. ಕೆರೆಗೆ ಬರುವುದು ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು. ಬಿಸಿಲಿಗೆ ವಿಷವೆಲ್ಲ ಹೋಗುತ್ತದೆ ಎಂದು ಭಾವ, ಮಕ್ಕಳಿಗಂತೂ ಕೊಡಬೇಡಿ ಎಂದು ಹೆಂಡತಿ. ಇಷ್ಟು ಸಣ್ಣ ಮೀನು ಹಿಡಿದರೆ ಕೆರೆಯ ಸಂತತಿಯೇ ಹಾಳಾಗುತ್ತದೆಯೋ ಎಂಬ ಅಳುಕೂ ಇದೆ. ಮುಂದುವರಿಯಲೇ, ಬಿಡಲೇ?

ಉತ್ತರ: ನಿಮ್ಮ ಮೀನು ಏಕೆ ಕೆಟ್ಟಿತು ಎನ್ನುವುದಕ್ಕೆ ಉತ್ತರ ನೀವೇ ಬರೆದ ಒಂದು ಅಂಕಿಯಲ್ಲಿದೆ. 20 ಕಿಲೋ ಹಾಕಿ 7 ಕಿಲೋ ತೆಗೆದಿರಿ, ಇಳುವರಿ ಚೆನ್ನಾಗಿ ಬಂತು ಎಂದು ಸಂತೋಷವೂ ಪಟ್ಟಿರಬೇಕು. ಸ್ವಲ್ಪ ಲೆಕ್ಕ ಹಾಕೋಣ. ಹಸಿ ಮೀನಿನಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. 78 ಎಂದು ಹಿಡಿದರೆ ನಿಮ್ಮ 20 ಕಿಲೋದಲ್ಲಿ ನೀರು ಬಿಟ್ಟು ಉಳಿಯುವ ಗಟ್ಟಿ ಅಂಶ ಸುಮಾರು 4.4 ಕಿಲೋ ಮಾತ್ರ. ಅಂದರೆ ನಿಮ್ಮ 7 ಕಿಲೋ 'ಒಣ' ಮೀನಿನಲ್ಲಿ ಇನ್ನೂ 2.6 ಕಿಲೋ ನೀರಿತ್ತು, ಶೇಕಡಾ 37ರಷ್ಟು. ನೀರಿನಂಶ ಶೇ 25ಕ್ಕೆ ಇಳಿದರೆ ಬ್ಯಾಕ್ಟೀರಿಯಾಗಳ ಆಟ ಹೆಚ್ಚುಕಡಿಮೆ ನಿಲ್ಲುತ್ತದೆ, ಶೇ 15ಕ್ಕೆ ಇಳಿದರೆ ಬೂಷ್ಟೂ ಏಳುವುದಿಲ್ಲ. ಇದು ಉಪ್ಪು ಹಾಕದ ಮೀನಿನ ಮಾತು. ನಿಮ್ಮದು ಎರಡೂ ಗೆರೆಗಳಿಗಿಂತ ಬಹಳ ಮೇಲೆ ನಿಂತಿತ್ತು. 20 ಕಿಲೋ ಮೀನು 5 ಕಿಲೋಗೆ ಬಂದಾಗ ನೀರಿನಂಶ ಶೇ 12ರ ಆಸುಪಾಸಿನಲ್ಲಿರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಕೈಯಲ್ಲಿ ಮುರಿದು ನೋಡುವುದಕ್ಕಿಂತ ತಕ್ಕಡಿಯನ್ನು ನಂಬಿ. ಒಣಗಿದ ಮೇಲೆ ಮಾತ್ರ ತೂಗಿದರೆ ಸಾಲದು, ಹಾಕುವ ಮುಂಚೆಯೂ ತೂಗಿರಬೇಕು. ನೀವು ತೂಗಿದ್ದೀರಿ, ಆದ್ದರಿಂದಲೇ ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಯಿತು.

ಹಾಗಾದರೆ ಬಾಲ ಗರಿಗರಿ ಎಂದದ್ದೇಕೆ? ಬಾಲ, ರೆಕ್ಕೆ, ಚರ್ಮ ಮೊದಲು ಒಣಗುತ್ತವೆ. ಬೆನ್ನಿನ ದಪ್ಪ ಭಾಗ ಮತ್ತು ಹೊಟ್ಟೆ ಕೊನೆಗೆ. ಒಂದು ಪಕ್ಕೆ ಮೀನನ್ನು ತಲೆಯ ಹಿಂಬದಿಯಲ್ಲಿ, ಬೆನ್ನುರೆಕ್ಕೆಯ ಕೆಳಗೆ, ಉಗುರಿನಿಂದ ಸೀಳಿ ನೋಡಿ. ಅಲ್ಲಿಯ ಮಾಂಸ ಮೇಣದಂತೆ ಮೆತ್ತಗೆ, ನಸು ಹೊಳಪಾಗಿ ಕಂಡರೆ ಒಳಗೆ ನೀರಿದೆ. ಪುಡಿಪುಡಿಯಾಗಿ, ಮಂಕಾಗಿ ಎಳೆ ಬಿಟ್ಟರೆ ಒಣಗಿದೆ. ನೀವು ಮಾಡಿದಂತೆ ಕಾಂಕ್ರೀಟಿನ ಮೇಲೆ ಟಾರ್ಪಾಲು ಹಾಸಿದರೆ ಕೆಳಗಿನಿಂದ ಗಾಳಿಯಾಡುವುದಿಲ್ಲ. ಬಿಸಿಲು ನೆತ್ತಿಗೇರಿದಾಗ ನೆಲ ಕಾದು ಮೀನಿನ ಅಡಿ ಅರೆಬೆಂದಂತಾಗುತ್ತದೆ, ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಆಮೇಲೆ ಎಷ್ಟು ಬಿಸಿಲು ಸುರಿದರೂ ಹೊರಗಿನ ಕವಚ ಇನ್ನಷ್ಟು ಗಟ್ಟಿಯಾಗುವುದೇ ಹೊರತು ಒಳಗೆ ಒಣಗುವುದಿಲ್ಲ. ಮೀನನ್ನು ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಒಣ ಗಾಳಿ. ಜೂನ್ ತಿಂಗಳ ಬೆಂಗಳೂರಿನಲ್ಲಿ ಬಿಸಿಲು ಆಗಾಗ ಸಿಕ್ಕೀತು, ಒಣ ಗಾಳಿ ಸಿಗುವುದಿಲ್ಲ. ಜನವರಿಯಿಂದ ಏಪ್ರಿಲ್ ಮೊದಲ ಪಾದದವರೆಗೆ ಇಲ್ಲಿಯ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಹುಳುವಿನ ವಿಷಯ. ನಾಲ್ಕನೇ ದಿನ ಕಂಡ ಬಿಳಿ, ನುಣುಪಾದ, ಕಾಲಿಲ್ಲದ ಹುಳು ನೊಣದ ಮರಿ. ಡಬ್ಬಿಗೆ ಅದು ಹೊರಗಿನಿಂದ ಬಂದದ್ದಲ್ಲ. ಮೊದಲ ದಿನ ಮೀನು ಹಸಿಯಾಗಿದ್ದಾಗಲೇ ನೀಲಿ, ಹಸಿರು ಹೊಳಪಿನ ದಪ್ಪ ನೊಣ ಕಿವಿರು ಮತ್ತು ಬಾಯಿಯ ಸಂದಿಯಲ್ಲಿ ಮೊಟ್ಟೆಯಿಟ್ಟು ಹೋಗಿದೆ. ಇನ್ನೂ ಒಂದೆರಡು ತಿಂಗಳು ಇಟ್ಟಿದ್ದರೆ ಮತ್ತೊಂದು ಬಗೆಯ ಹುಳು ನೋಡುತ್ತಿದ್ದಿರಿ: ಕಂದು ಬಣ್ಣದ, ಮೈತುಂಬ ರೋಮವಿರುವ, ಜೀರುಂಡೆ ಜಾತಿಯ ಮರಿ. ಅದು ಚೆನ್ನಾಗಿ ಒಣಗಿದ ಮೀನನ್ನೇ ತಿನ್ನುತ್ತದೆ, ಗೋದಾಮಿನಲ್ಲಿ ಸೇರಿಕೊಳ್ಳುತ್ತದೆ. ಯಾವ ಹುಳು ಎಂದು ನೋಡಿದರೆ ತಪ್ಪು ಒಣಗಿಸುವಲ್ಲಿ ಆಯಿತೋ ದಾಸ್ತಾನಿನಲ್ಲಿ ಆಯಿತೋ ತಿಳಿಯುತ್ತದೆ. ನಿಮ್ಮದು ಮೊದಲನೆಯದು. ಹುಳು ಬಿದ್ದ ಆ ದಾಸ್ತಾನನ್ನು ಮತ್ತೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಯೋಚನೆ ಮಾಡಬೇಡಿ.

ಅಮ್ಮ ಹೇಳಿದ್ದು ಅರ್ಧ ಸರಿ. ಬೆರಳುದ್ದದ ತೆಳು ಮೀನು ಒಣ ಹವೆಯಲ್ಲಿ ಉಪ್ಪಿಲ್ಲದೆಯೂ ಚೆನ್ನಾಗಿ ಒಣಗುತ್ತದೆ. ಒಣಗುವುದು ನಿಧಾನವಾದಾಗ ಉಪ್ಪು ಸಮಯ ಕೊಳ್ಳುತ್ತದೆ, ನೊಣವನ್ನೂ ತಕ್ಕಮಟ್ಟಿಗೆ ದೂರವಿಡುತ್ತದೆ. ಆದರೆ ಅದಕ್ಕೆ ತನ್ನದೇ ಕಾಟವಿದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಬೆಳಗುಗಳಲ್ಲಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ, ಆದ್ದರಿಂದ ಉಪ್ಪುಮೀನು ಪೊಟ್ಟಣದೊಳಗೇ ಬೆವರುತ್ತದೆ. ಕೊಳಕು ಕಲ್ಲುಪ್ಪು ಬಳಸಿದರೆ ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾಗಳಿಂದ ಮೀನಿನ ಮೇಲೆ ನಸುಗೆಂಪು ಬಣ್ಣ ಏರುತ್ತದೆ. ನನ್ನ ಸಲಹೆ ನಡುದಾರಿಯದು: ಹತ್ತು ಲೀಟರ್ ಶುದ್ಧ ನೀರಿಗೆ ಒಂದು ಕಿಲೋ ಒಳ್ಳೆಯ ಉಪ್ಪು ಕರಗಿಸಿ, ತೊಳೆದ ಮೀನನ್ನು ಕಾಲು ಗಂಟೆ ಅದ್ದಿ ತೆಗೆದು, ನೀರು ಸೋರಿಸಿ ಒಣಹಾಕಿ.

ಆ ವ್ಯಾಪಾರಿಯ ಔಷಧಿಯ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಒಣಮೀನಿನ ಮೇಲೆ ಹೀಗೆ ಕದ್ದು ಸಿಂಪಡಿಸುವುದರಲ್ಲಿ ಹೆಸರಾದದ್ದು ಡೈಕ್ಲೋರ್ವಾಸ್. ಅದು ಕೀಟನಾಶಕ, ದೇಶದಲ್ಲಿ 2020ರ ಕೊನೆಗೆ ಪೂರ್ತಿ ನಿಷೇಧವಾಗಿದೆ. ಇನ್ನು ಕೆಲವರು ಫಾರ್ಮಲಿನ್ ಎನ್ನುತ್ತಾರೆ. 2018ರಲ್ಲಿ ಕೇರಳ, ಗೋವಾಗಳಲ್ಲಿ ಅದರದೇ ಗದ್ದಲವಾಯಿತಲ್ಲ, ಅದು ಹಸಿ ಮೀನಿಗೆ ಹಾಕುತ್ತಾರೆಂಬ ದೂರು. ಮೀನಿಗೆ ಅದನ್ನು ಹಾಕಲು ಅನುಮತಿಯೇ ಇಲ್ಲ. ನೊಣಕ್ಕೆ ಸೊಳ್ಳೆಪರದೆ ಸಾಕು.

ಈಗ ಕೆರೆಯ ಕೊಳಚೆ ನೀರಿನ ಬಗ್ಗೆ ನಿಮ್ಮ ಭಾವನವರಿಗೂ ಹೆಂಡತಿಯವರಿಗೂ ಇರುವ ವಾದಕ್ಕೆ ಬರೋಣ. ಇಡೀ ಪತ್ರದಲ್ಲಿ ಮುಖ್ಯ ಪ್ರಶ್ನೆ ಇದೇ. ನಿಮ್ಮ ಭಾವನವರ ಮಾತು ಪೂರ್ತಿ ತಪ್ಪು. ಬಿಸಿಲಿಗೆ ಹೋಗುವುದು ನೀರು ಮಾತ್ರ. ಕೊಳಚೆ ನೀರಿನಲ್ಲಿ ಬರಬಹುದಾದ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಆವಿಯಾಗುವ ವಸ್ತುಗಳಲ್ಲ. 20 ಕಿಲೋ 5 ಕಿಲೋ ಆದಾಗ ಅವು ಹೋದವು ಎಂದಲ್ಲ, ಕಿಲೋ ಲೆಕ್ಕದಲ್ಲಿ ನಾಲ್ಕು ಪಟ್ಟಾದವು. ಹಸಿ ಮೀನಿನಲ್ಲಿ ಕಿಲೋಗೆ 0.1 ಮಿಲಿಗ್ರಾಂ ಸೀಸವಿದ್ದರೆ ಒಣಗಿದ ಮೇಲೆ 0.4 ಆಗುತ್ತದೆ. ಮೀನಿಗೆ ನಮ್ಮ ಆಹಾರ ಸುರಕ್ಷತಾ ನಿಯಮ ಇಟ್ಟಿರುವ ಸೀಸದ ಮಿತಿ ಕಿಲೋಗೆ 0.3 ಮಿಲಿಗ್ರಾಂ. ಇದನ್ನು ಓದಿ ಗಾಬರಿಯಾಗುವುದೂ ಬೇಡ. ಒಂದು ಹೊತ್ತಿನ ಸಾರಿಗೆ ಹಸಿ ಮೀನು ಹಾಕುವಷ್ಟು ತೂಕದ ಒಣಮೀನನ್ನು ಯಾರೂ ಹಾಕುವುದಿಲ್ಲ, ಕಾಲು ಭಾಗ ಹಾಕುತ್ತಾರೆ. ಆದ್ದರಿಂದ ಊಟಕ್ಕೆ ಬರುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಹೇಳಬೇಕಾದದ್ದು ಇಷ್ಟು: ಕೆರೆಯಲ್ಲಿ ಸಮಸ್ಯೆ ಇದ್ದರೆ ಒಣಗಿಸುವುದರಿಂದ ಅದು ಬಗೆಹರಿಯುವುದಿಲ್ಲ.

ಸಣ್ಣ ಮೀನಿನ ಇನ್ನೊಂದು ತೊಡಕು, ಅದನ್ನು ಇಡಿಯಾಗಿ ತಿನ್ನುತ್ತೇವೆ. ದೊಡ್ಡ ಕಾಟ್ಲಾದಲ್ಲಿ ಕಿವಿರು, ಕರುಳು, ಪಿತ್ತಜನಕಾಂಗ ಎಸೆದು ಮಾಂಸ ತಿನ್ನುತ್ತೇವೆ. ಲೋಹಗಳು ಹೆಚ್ಚಾಗಿ ಸೇರಿಕೊಳ್ಳುವುದು ಎಸೆಯುವ ಆ ಭಾಗಗಳಲ್ಲೇ, ಸೀಸವಾದರೆ ಮೂಳೆಯಲ್ಲಿ. ಪಕ್ಕೆ ಮೀನಿನಲ್ಲಿ ಅವೆಲ್ಲವೂ ನಮ್ಮ ತಟ್ಟೆಗೇ ಬರುತ್ತವೆ. ಪಾದರಸದ ಮಟ್ಟಿಗೆ ಮಾತ್ರ ಸಣ್ಣ ಮೀನು ದೊಡ್ಡದಕ್ಕಿಂತ ಸುರಕ್ಷಿತ. ಅದು ಒಂದೆರಡು ವರ್ಷ ಬದುಕುವ ಜೀವಿ, ಪಾಚಿ ಮತ್ತು ಸಣ್ಣಪುಟ್ಟ ಕೀಟ ತಿನ್ನುವಂಥದ್ದು. ಬೇರೆ ಮೀನನ್ನು ತಿಂದು ವರ್ಷಗಟ್ಟಲೆ ಪಾದರಸ ಕೂಡಿಸಿಕೊಳ್ಳುವ ಜಾತಿಯಲ್ಲ.

ನಿಮ್ಮ ಕೆರೆಗೆ ಬರುತ್ತಿರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಎಂದು ತಿಳಿಯುತ್ತೇನೆ. 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ಅದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು, ಉದ್ದೇಶ ಅಂತರ್ಜಲ ಮರುಪೂರಣ. ಬತ್ತಿದ ಕೊಳವೆಬಾವಿಗಳ ಜಿಲ್ಲೆಯಲ್ಲಿ ಕೆರೆ ತುಂಬಿದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಎರಡನೇ ಹಂತದ ಶುದ್ಧೀಕರಣ ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯಲು ಇರುವುದು. ಲೋಹ ತೆಗೆಯುವುದಕ್ಕೆಂದೇ ಅಲ್ಲ, ಸಾರಜನಕ ಮತ್ತು ರಂಜಕವನ್ನು ಪೂರ್ತಿ ತೆಗೆಯುವುದೂ ಇಲ್ಲ. ಸಾರಜನಕ, ರಂಜಕ ಉಳಿದ ನೀರಿನಲ್ಲಿ ಬೇಸಿಗೆಯ ಹೊತ್ತಿಗೆ ಹಸಿರು ಬಣ್ಣ ಕದಡಿದಂತೆ ನೀಲಿ-ಹಸಿರು ಪಾಚಿ ಉಕ್ಕುವುದುಂಟು. ಅದರ ಕೆಲವು ಜಾತಿಗಳು ಬಿಡುವ ವಿಷ ಮೀನಿನ ಕರುಳು, ಪಿತ್ತಜನಕಾಂಗಗಳಲ್ಲಿ ಸೇರುತ್ತದೆ. ಅದು ಒಣಗಿಸಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ನೀರು ಹಾಗೆ ದಟ್ಟ ಹಸಿರಾದ ವಾರಗಳಲ್ಲಿ ಹಿಡಿದ ಮೀನನ್ನು ಒಣಗಿಸಲೇಬೇಡಿ.

ಊಹೆಯ ಮೇಲೆ ತೀರ್ಮಾನ ಬೇಡ, ಪರೀಕ್ಷೆ ಮಾಡಿಸಿ. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಒಂದೇ ಮೀನು ಕೊಡಬೇಡಿ, ಕೆರೆಯ ನಾಲ್ಕಾರು ಕಡೆ ಹಿಡಿದದ್ದನ್ನು ಬೆರೆಸಿ ಕೊಡಿ. ಇಡಿ ಮೀನು ಒಂದು, ಹೊಟ್ಟೆ ತೆಗೆದದ್ದು ಒಂದು, ಹೀಗೆ ಎರಡು ಮಾದರಿ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಕೇಳಿ, ಜೊತೆಗೆ ನೀರಿನಂಶವನ್ನೂ ಬರೆದುಕೊಡಲು ಹೇಳಿ. ಅದಿಲ್ಲದಿದ್ದರೆ ವರದಿಯ ಅಂಕಿ ಹಸಿ ತೂಕದ್ದೋ ಒಣ ತೂಕದ್ದೋ ಗೊತ್ತಾಗದೆ ಇಬ್ಬರು ಎರಡು ಅರ್ಥ ಮಾಡಿಕೊಳ್ಳುತ್ತಾರೆ. ಕೆರೆ ತುಂಬಿರುವಾಗ ಒಮ್ಮೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಮಾಡಿಸಿ. ಖರ್ಚಿನ ಬಾಬ್ತು, ನಿಜ. ಆ ಖರ್ಚು ಕೈಗೆಟುಕದಿದ್ದರೆ ಈ ಕೆರೆಯ ಮೀನಿನ ವ್ಯಾಪಾರವನ್ನೇ ಬಿಡುವುದು ಒಳ್ಳೆಯದು. ವರದಿ ಬರುವವರೆಗೆ ಹೆಂಡತಿಯವರ ಮಾತೇ ನಡೆಯಲಿ, ಮಕ್ಕಳಿಗೆ ಬೇಡ. ಬೆಳೆಯುವ ಮೆದುಳಿಗೆ ಸೀಸದಷ್ಟು ಕೇಡು ಮಾಡುವ ಲೋಹ ಕಡಿಮೆ.

ಕೆರೆಯಲ್ಲಿ ಸತ್ತು ತೇಲಿದ ಮೀನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಯಾರಾದರೂ ನಿಮ್ಮ ಬಳಿ ಅಗ್ಗದ ದರಕ್ಕೆ ತಂದೇ ತರುತ್ತಾರೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನು ಸತ್ತು ದಡ ಬೆಳ್ಳಗಾದದ್ದು ನೆನಪಿರಬಹುದು. ಇಂಥ ಸಾವುಗಳ ಹಿಂದೆ ಹೆಚ್ಚಾಗಿ ಇರುವುದು ನೀರಿನ ಆಮ್ಲಜನಕ ಕುಸಿತ, 'ವಿಷವಲ್ಲ, ಉಸಿರುಕಟ್ಟಿ ಸತ್ತದ್ದು' ಎನ್ನುವ ಮಾತಿನಲ್ಲಿ ಸತ್ಯವಿದೆ. ಆದರೂ ಅದು ಬಿಸಿ ನೀರಿನಲ್ಲಿ ಎಷ್ಟು ಹೊತ್ತು ಕೊಳೆತಿದೆ ಎನ್ನುವುದಕ್ಕೆ ಲೆಕ್ಕವಿಲ್ಲ. ಒಣಗಿಸಿದರೆ ಕೊಳೆತ ಮೀನು ಒಣಗಿದ ಕೊಳೆತ ಮೀನಾಗುತ್ತದೆ, ಅಷ್ಟೇ.

ಸಂತತಿಯ ಅಳುಕು ಒಳ್ಳೆಯ ಅಳುಕು, ಆದರೆ ಸಣ್ಣ ಮೀನು ಬೇರೆ, ಮೀನಿನ ಮರಿ ಬೇರೆ. ಪಕ್ಕೆ, ಸೊಸಲು ಬೆಳೆಯುವುದೇ ಅಷ್ಟು. ಮಳೆಗಾಲದ ಆರಂಭದಲ್ಲಿ ಬೆರಳುದ್ದದ ಪಕ್ಕೆಯ ಹೊಟ್ಟೆ ಒತ್ತಿದರೆ ಹಳದಿ ಮೊಟ್ಟೆ ಹೊರಬರುತ್ತದೆ. ಅದು ಮರಿಯಲ್ಲ, ತಾಯಿ. ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಇಂಥ ಮೀನು ದೊಡ್ಡ ಮೀನಿಗಿಂತ ಹಿಡಿತವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಬೆರಳುದ್ದದ ದಗಾ ಎಂಬ ಬೆಳ್ಳಿ ಮೀನಿನದು ಭಾರೀ ಉದ್ಯಮ. ತಿಂಗಳ ಬೆಳಕಿಲ್ಲದ ರಾತ್ರಿಗಳಲ್ಲಿ ದೀಪ ಹಚ್ಚಿ ಬಲೆಗೆ ಸೆಳೆದು ಹಿಡಿಯುತ್ತಾರೆ. ಅಲ್ಲೂ ಮರಳಿನ ಮೇಲೆ ಹರಡಿ ಒಣಗಿಸಿದ ಮೀನು, ಮಳೆಗೆ ಸಿಕ್ಕ ಮೀನು ಪ್ರಾಣಿಗಳ ಮೇವಿನ ದರಕ್ಕೆ ಇಳಿಯುತ್ತದೆ. ಅಟ್ಟಣೆಯ ಮೇಲೆ ಒಣಗಿಸಿದ್ದಕ್ಕೆ ಜನರ ಊಟಕ್ಕೆ ಬೆಲೆ ಸಿಗುತ್ತದೆ. ಸಂತತಿಗೆ ನಿಜವಾದ ಅಪಾಯ ಬರುವುದು ಸಣ್ಣ ಕಣ್ಣಿನ ಬಲೆಗೆ ಪಕ್ಕೆಯ ಜೊತೆ ಬಿತ್ತನೆಯ ಕಾಟ್ಲಾ, ರೋಹು ಮರಿಗಳೂ ಬಂದಾಗ. ಕಾಟ್ಲಾ ಮರಿಯನ್ನು ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿಯಿಂದ ಗುರುತಿಸಬಹುದು. ರೋಹುವಿನ ಬಾಯಿ ಕೆಳಗೆ, ತುಟಿ ಅಂಚು ನೆರಿಗೆಯಂತೆ. ಕೆರೆಗೆ ಬಿತ್ತನೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಸಣ್ಣ ಕಣ್ಣಿನ ಬಲೆ ಹಾಕಿದರೆ ನಿಮ್ಮ ಭಾವ ತಮ್ಮ ಮುಂದಿನ ವರ್ಷದ ಲಾಭವನ್ನೇ ಒಣಹಾಕಿದಂತೆ. ಗುತ್ತಿಗೆ ಪತ್ರದಲ್ಲಿ ಬಲೆಯ ಕಣ್ಣಿನ ಅಳತೆಯ ಷರತ್ತು ಏನಿದೆ ಎಂದು ಮೊದಲು ಓದಿಸಿಕೊಳ್ಳಿ.

ಇನ್ನು ದಾರಿಗಳು. ಕೋಲಾರದ ಕೆರೆಯ ಮೀನನ್ನೇ ಹಿಡಿದು ಕೂರುವುದಾದರೆ ಎರಡೂ ಋತುವಿನ ವರದಿ ಮಿತಿಯೊಳಗೆ ಬರಬೇಕು, ಹೊಟ್ಟೆ ತೆಗೆದೇ ಒಣಗಿಸಬೇಕು. ಹೊಟ್ಟೆ ತೆಗೆದರೆ ಪೌಷ್ಟಿಕಾಂಶ ಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಸಣ್ಣ ಮೀನಿನ ಎ ಜೀವಸತ್ವ ಬಹುಪಾಲು ಕಣ್ಣು ಮತ್ತು ಹೊಟ್ಟೆಯ ಭಾಗದಲ್ಲಿರುವುದು ನಿಜ, ಆದರೆ ಬಿಸಿಲಲ್ಲಿ ಒಣಗಿಸಿದಾಗ ಅದು ಹೇಗೂ ಹಾಳಾಗುತ್ತದೆ. ಮೂಳೆಯ ಕ್ಯಾಲ್ಸಿಯಂ, ಪ್ರೋಟೀನು ಉಳಿಯುತ್ತವೆ. ಈ ದಾರಿಯ ಅಪಾಯವೆಂದರೆ ಕೆರೆಯ ನೀರು ನಿಮ್ಮ ಹಿಡಿತದಲ್ಲಿಲ್ಲ. ಮೇಲೆ ಎಲ್ಲೋ ಒಂದು ಶುದ್ಧೀಕರಣ ಘಟಕ ಒಂದು ವಾರ ಕೆಟ್ಟರೆ ನಿಮಗೆ ಸುದ್ದಿಯೂ ಬರುವುದಿಲ್ಲ.

ಎರಡನೆಯದು, ಮೀನಿನ ಮೂಲವನ್ನೇ ಬದಲಿಸುವುದು. ಕಬಿನಿ, ಹೇಮಾವತಿಯಂಥ ಜಲಾಶಯಗಳ ಹಿನ್ನೀರಿನಲ್ಲಿ ಸಣ್ಣ ಮೀನು ಹಿಡಿಯುವ ಕುಟುಂಬಗಳಿವೆ. ನಗರದ ಕೊಳಚೆ ಅಲ್ಲಿಗೆ ಈ ಪ್ರಮಾಣದಲ್ಲಿ ಮುಟ್ಟುವುದಿಲ್ಲ. ಒಮ್ಮೆ ಪರೀಕ್ಷೆ ಅಲ್ಲಿಯೂ ಬೇಕು. ಹಸಿ ಮೀನನ್ನು ಮಂಜುಗಡ್ಡೆಯಲ್ಲಿ ಬೆಂಗಳೂರಿಗೆ ತಂದು ಒಣಗಿಸುವುದು ಹುಚ್ಚು ಖರ್ಚು. ನಾಲ್ಕು ಕಿಲೋ ಸಾಗಿಸಿ ಒಂದು ಕಿಲೋ ಮಾರುತ್ತೀರಿ. ಇಷ್ಟು ಸಣ್ಣ ಮೀನಿನ ಹೊಟ್ಟೆ ನೆರಳಿನಲ್ಲಿಟ್ಟರೂ ಕೆಲವೇ ಗಂಟೆಗಳಲ್ಲಿ ಒಡೆಯತೊಡಗುತ್ತದೆ. ದಡದಲ್ಲೇ ಒಣಗಬೇಕು. ಅಲ್ಲಿಯ ಕುಟುಂಬಗಳಿಗೆ ಅಟ್ಟಣೆ, ನೈಲಾನ್ ಬಲೆ, ಪರದೆ, ತಕ್ಕಡಿ ಕೊಡಿಸಿ, 4 ಕಿಲೋ 1 ಕಿಲೋಗೆ ಇಳಿದ ಮೀನನ್ನು ಮಾತ್ರ ಒಳ್ಳೆಯ ದರಕ್ಕೆ ಕೊಳ್ಳುತ್ತೇನೆ ಎಂದು ಮಾತಾಡಿಕೊಳ್ಳಿ. ನೀರುಳಿದ ಮೀನಿಗೆ ಹೆಚ್ಚು ತೂಕ. ಆದ್ದರಿಂದ ಕಿಲೋ ದರ ಒಂದೇ ಇಟ್ಟರೆ ಯಾರೂ ಪೂರ್ತಿ ಒಣಗಿಸುವುದಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಈ ದಾರಿಯನ್ನೇ ಹಿಡಿಯುತ್ತಿದ್ದೆ.

ಒಣಗಿಸುವ ಕ್ರಮ ಎಲ್ಲಿಯಾದರೂ ಒಂದೇ. ಸೊಂಟದೆತ್ತರದ ಅಟ್ಟಣೆ, ಅದರ ಮೇಲೆ ಬಿಗಿದ ಬಲೆ, ಒಂದರ ಮೇಲೊಂದು ಬೀಳದಂತೆ ಒಂದೇ ಪದರ ಮೀನು. ಮೀನಿಗೆ ತಾಗದಂತೆ ಮೇಲೆ ಪರದೆ. ಮೊದಲ ಕೆಲವು ಗಂಟೆ ತೀರಾ ಬಿಸಿ ಬೇಡ, ಬೆಳಗಿನ ಗಾಳಿಯಲ್ಲೇ ಶುರುಮಾಡಿ. ಸಂಜೆ ಒಳಗೆ ತಂದು ರಾಶಿ ಹಾಕಿ, ಗೋಣಿತಾಟು ಮುಚ್ಚಿ. ರಾತ್ರಿಯೆಲ್ಲ ಒಳಗಿನ ತೇವ ಚರ್ಮದ ಕಡೆಗೆ ಬರುತ್ತದೆ, ಮರುದಿನ ಬಿಸಿಲಿಗೆ ಹಾಕಿದಾಗ ಹಾರಿಹೋಗುತ್ತದೆ. ಬಿಸಿಲು ನಂಬುವಂತಿಲ್ಲದ ತಿಂಗಳುಗಳಿಗೆ ಸೌರ ಒಣಗಿಸುವ ಯಂತ್ರಗಳಿವೆ. ಮೋಡ ಮುಚ್ಚಿದಾಗ ವಿದ್ಯುತ್ತಿನಲ್ಲೋ ಅನಿಲದಲ್ಲೋ ನಡೆಯುವಂಥವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ಮೊದಲ ವರ್ಷವೇ ಸಾಲ ಮಾಡಿ ಕೊಳ್ಳಬೇಡಿ. ಒಂದು ಬೇಸಿಗೆ ಅಟ್ಟಣೆಯಲ್ಲೇ ಮಾಡಿ ಗಿರಾಕಿ ಉಳಿಯುತ್ತಾರೋ ನೋಡಿ. ಕೆಂಗೇರಿಯ ತಾರಸಿ ಮಾತ್ರ ಬೇಡ, ನೆರೆಯವರ ಜಗಳ ಹೇಗೂ ಬರುತ್ತದೆ, ಅದಕ್ಕಿಂತ ಮೊದಲು ಹದ್ದುಗಳು ಬರುತ್ತವೆ.

ಬೆಂಗಳೂರಿನಲ್ಲಿ ನೀವು ಮಾಡಬೇಕಾದದ್ದು ಒಳ್ಳೆಯ ಮೀನನ್ನು ಆಯ್ದುಕೊಳ್ಳುವುದು, ಇನ್ನೊಮ್ಮೆ ಒಣಗಿಸಿ ತೂಗುವುದು, ಗಾಳಿಯಾಡದ ದಪ್ಪ ಪೊಟ್ಟಣದಲ್ಲಿ ಮುಚ್ಚುವುದು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇಲ್ಲದೆ ಒಂದು ಪೊಟ್ಟಣವನ್ನೂ ಮಾರಬೇಡಿ. ನಗರದ ಒಣಮೀನಿನ ಅಂಗಡಿಗಳಲ್ಲಿ ಇರುವುದು ಬಹುತೇಕ ಕರಾವಳಿಯ ಸರಕು, ಹೊಳೆ-ಕೆರೆಯ ಒಣಮೀನಿನ ಸಾರು ಉಂಡು ಬೆಳೆದ ಮಂಡ್ಯ, ಮೈಸೂರು ಕಡೆಯವರು ಊರಿಂದ ಬರುವವರ ಕೈಲಿ ತರಿಸಿಕೊಳ್ಳುತ್ತಾರೆ. ಇಲ್ಲಿ ನೆಲೆಸಿರುವ ಮಣಿಪುರ, ತ್ರಿಪುರಾದವರನ್ನೂ ಮರೆಯಬೇಡಿ. ಅವರ ಙಾರಿ, ಶಿದಲ್ ಎಂಬ ಹುದುಗಿಸಿದ ಮೀನು ತಯಾರಾಗುವುದು ಪಕ್ಕೆಯ ಬಳಗದ ಒಣಮೀನಿನಿಂದಲೇ, ಒಳ್ಳೆಯ ಮೀನಿಗೆ ಅವರು ಚೌಕಾಸಿ ಮಾಡುವುದಿಲ್ಲ. ದಾಸ್ತಾನು ಹಳದಿಗೆ ತಿರುಗಿ ಕಮಟು ವಾಸನೆ ಬಂದರೆ ಮೀನಿನ ಎಣ್ಣೆ ಕೆಟ್ಟಿದೆ ಎಂದರ್ಥ, ಅದನ್ನು ಬಿಸಿಲಿಗೆ ಹಾಕಿದರೆ ಇನ್ನೂ ಕೆಡುತ್ತದೆ. ಪೊಟ್ಟಣದ ಮೇಲೆ ಜಲಾಶಯದ ಹೆಸರು, ಒಣಗಿಸಿದ ತಿಂಗಳು ಬರೆಯಿರಿ. ಸರಕು ಸಾಲದ ತಿಂಗಳಲ್ಲಿ ಬೇರೆ ಕೆರೆಯ ಮೀನು ಬೆರೆಸುವ ಪ್ರಸಂಗ ಬಂದರೆ ಅದಕ್ಕೆ ಬೇರೆ ಪೊಟ್ಟಣ, ಬೇರೆ ಹೆಸರು ಹಾಕಿ.